ಬೆಳಗಿನ ಬೆಳಕು ಕ್ಯಾಮೆರಾಕ್ಕೆ, ಉಳಿದ ಹಗಲು ಇಬ್ಬರಿಗೆ

ಸುಗ್ಗಿ ಮುಗಿದ ಮೇಲೆ ಎರಡು ದಿನ ಬಿಡುವು ಮಾಡಿಕೊಂಡು ಗಂಡ ಹೆಂಡತಿ ಪ್ರವಾಸ ಹೊರಡುವುದು ಈಗ ನಮ್ಮ ಹಳ್ಳಿಗಳಲ್ಲೂ ಉಂಟು. ಅದರ ಜೊತೆಗೆ ಹೊಸದೊಂದು ತಕರಾರೂ ಬಂದಿದೆ. ಒಬ್ಬರಿಗೆ ಬೆಟ್ಟ, ಹೊಳೆ, ಜಲಪಾತದ ಫೋಟೊ ತೆಗೆಯುವ ಹುಚ್ಚು. ಇನ್ನೊಬ್ಬರಿಗೆ ಬ್ಯಾಗು ಹಿಡಿದು ಕಾಯುವ ಕೆಲಸ.

ನನ್ನ ಅಭಿಪ್ರಾಯ ಇಷ್ಟೇ. ಹವ್ಯಾಸ ಬಿಡಬೇಕಾಗಿಲ್ಲ. ಆದರೆ ಯಾವ ಹೊತ್ತು ಕ್ಯಾಮೆರಾದ್ದು, ಯಾವ ಹೊತ್ತು ಇಬ್ಬರದ್ದು ಅನ್ನುವುದು ಮನೆ ಬಿಡುವ ಮೊದಲೇ ತೀರ್ಮಾನವಾಗಬೇಕು.

ಫೋಟೊ ತೆಗೆಯುವವರ ಮಾತನ್ನೂ ಕೇಳೋಣ. ಮಳೆಗಾಲದಲ್ಲಿ ಜೋಗ ತುಂಬಿ ಧುಮುಕುತ್ತಿದ್ದರೂ ಮಂಜು ಕವಿದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕರಲ್ಲಿ ಒಂದೂ ಕಾಣುವುದಿಲ್ಲ. ಆಗುಂಬೆಯ ಸೂರ್ಯಾಸ್ತಕ್ಕೆ ಒಂದು ಮೋಡ ಅಡ್ಡ ಬಂದರೂ ಸಾಕು, ಆ ದಿನ ಮುಗಿಯಿತು. ಒಳ್ಳೆಯ ಫೋಟೊ ಬೇಕೆಂದರೆ ಕಾಯಲೇಬೇಕು. 'ಗುಡ್ಡದ ಫೋಟೊ ತೆಗೆದು ಏನು ಸಿಗುತ್ತೆ' ಎಂದು ಹಂಗಿಸುವುದು ಸರಿಯಲ್ಲ. ವರ್ಷವಿಡೀ ದುಡಿಯುವ ಮನುಷ್ಯನಿಗೆ ಅದೊಂದು ಖುಷಿ.

ಆದರೆ ಕಾಯುವವರ ಪಾಡೇನು? ಫೋಟೊ ತೆಗೆಯುವವರ 'ಐದೇ ನಿಮಿಷ' ಗಂಟೆಯಾದರೂ ಮುಗಿಯುವುದಿಲ್ಲ. ಎಷ್ಟೋ ಕಡೆ ಕೂರಲು ನೆರಳಿರುವುದಿಲ್ಲ, ಹತ್ತಿರದಲ್ಲಿ ಶೌಚಾಲಯ ಇರುವುದಿಲ್ಲ. ಹೆಣ್ಣುಮಗಳೊಬ್ಬಳು ಒಂಟಿಯಾಗಿ ನಿಂತರೆ ಹೋಗಿ ಬರುವವರೆಲ್ಲ ತಿರುಗಿ ನೋಡುತ್ತಾರೆ. ಕಂಕುಳಲ್ಲಿ ಮಗು ಬೇರೆ. ಊರಲ್ಲಿ ನಲ್ಲಿ ನೀರಿಗೆ, ಮಕ್ಕಳ ಊಟಕ್ಕೆ, ಗಂಡ ಹೊಲದಿಂದ ಬರುವುದಕ್ಕೆ ಕಾದವಳು ಪ್ರವಾಸದಲ್ಲೂ ಕಾಯಬೇಕೇ? ಆಕೆಗೂ ವರ್ಷಕ್ಕೆ ಸಿಗುವ ಬಿಡುವು ಅದೊಂದೇ. ಕ್ಯಾಮೆರಾ ಹೆಂಡತಿಯ ಕೈಯಲ್ಲಿದ್ದರೆ ಮಗು ಎತ್ತಿಕೊಂಡು ಎಷ್ಟು ಹೊತ್ತು ನಿಲ್ಲುತ್ತಿದ್ದಿರಿ ಎಂದು ಗಂಡಸರು ಒಮ್ಮೆ ಯೋಚಿಸಲಿ.

ದಾರಿ ತೋರಿಸುವುದು ಬೆಳಕೇ. ಹಂಪಿಯನ್ನೇ ತೆಗೆದುಕೊಳ್ಳಿ. ಬಂಡೆಗಳ ಉಬ್ಬು ತಗ್ಗು ಚೆನ್ನಾಗಿ ಕಾಣುವುದು ಸೂರ್ಯ ಕೆಳಗಿದ್ದು ನೆರಳು ಉದ್ದವಾಗಿ ಬೀಳುವಾಗ. ಹತ್ತು ಗಂಟೆಯ ಮೇಲೆ ಬಿಸಿಲು ನೆತ್ತಿಗೇರುತ್ತಾ ಹೋದಂತೆ ಎಲ್ಲ ಬೆಳ್ಳಗೆ, ಚಪ್ಪಟೆ. ಅಂದರೆ ಒಳ್ಳೆಯ ಫೋಟೊಗೆ ದಿನವಿಡೀ ಬೇಕಾಗಿಯೇ ಇಲ್ಲ.

ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂವರೆ ಸುಮಾರಿಗೆ. ಮತಂಗ ಬೆಟ್ಟ ಹತ್ತುವ ಆಸೆ ಇದ್ದವರು ಹತ್ತಲಿ, ಮಲಗುವ ಆಸೆ ಇದ್ದವರು ರೂಮಿನಲ್ಲಿ ಮಲಗಲಿ. ಎಂಟು ಗಂಟೆಗೆ ಇಬ್ಬರೂ ಒಟ್ಟಿಗೆ ತಿಂಡಿಗೆ ಕೂರಬೇಕು. ಆಮೇಲೆ ಕ್ಯಾಮೆರಾ ಬ್ಯಾಗಿನೊಳಗೆ. ತುಂಗಭದ್ರೆಯಲ್ಲಿ ತೆಪ್ಪ ಹತ್ತಿ. ವಿರೂಪಾಕ್ಷನ ಗುಡಿಯಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಪುರದ ಬಿಂಬ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಜೊತೆಯಲ್ಲಿ ನೋಡಿ. ಕ್ಯಾಮೆರಾ ಕೆಲಸ ಮಾಡುವುದೂ ಹಾಗೆಯೇ ಎಂದು ವಿವರಿಸಿ ಹೇಳಿ. ನಿಮ್ಮ ಹುಚ್ಚು ಏನೆಂದು ಆಗ ಅವರಿಗೂ ಅರ್ಥವಾದೀತು.

ಸಂಜೆಗೆ ಹೇಮಕೂಟವೇ ಸರಿ. ಗುಡಿಯ ಪಕ್ಕದಲ್ಲೇ ಇದೆ, ಹತ್ತುವುದು ಸುಲಭ. ಒಬ್ಬರು ಫೋಟೊ ತೆಗೆಯಲಿ, ಇನ್ನೊಬ್ಬರು ಬಂಡೆಯ ಮೇಲೆ ಕೂತು ಸೂರ್ಯ ಮುಳುಗುವುದನ್ನು ನೋಡಲಿ. ಕಾಯುವ ಜಾಗವೂ ಚಂದ ಇದ್ದರೆ ಕಾದದ್ದು ಭಾರ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಮೊಬೈಲ್ ತುಂಬ ಗುಡ್ಡದ ಫೋಟೊ ಇದ್ದು ಜೊತೆಗೆ ಬಂದವರ ಒಂದು ಒಳ್ಳೆಯ ಫೋಟೊ ಇಲ್ಲದಿದ್ದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ? ಆ ಒಳ್ಳೆಯ ಬೆಳಕಿನಲ್ಲಿ ಹತ್ತು ನಿಮಿಷ ಅವರ ಪಾಲಿಗೂ ಇರಲಿ.

ಮುಂದಿನ ಸಲ ಹೊರಡುವಾಗ ಬ್ಯಾಟರಿ ಚಾರ್ಜಿಗೆ ಹಾಕುವ ಮೊದಲು, 'ನಿನಗೇನು ನೋಡಬೇಕು ಅಂತಿದೆ?' ಎಂದು ಕೇಳಿ. ಉತ್ತರ ಕೇಳಿದ ಮೇಲೆಯೇ ಅಲಾರಂ ಎಷ್ಟಕ್ಕೆ ಇಡಬೇಕೆಂದು ನಿರ್ಧರಿಸಿ.