ಬಾಗಿಲು ಒಡೆಯುವವರು, ಅಂಗಡಿ ತೆರೆಯುವವರು

ಮಾದಕ ವಸ್ತುಗಳ ಕುರಿತು ಇಂಥ ಪತ್ರಿಕೆಯಲ್ಲಿ ಲೇಖನವೊಂದು ಬಂದರೆ ಅದರಲ್ಲಿ ಏನಿರುವುದೆಂದು ವಾಚಕರು ಓದುವ ಮೊದಲೇ ಬಲ್ಲರು. ವ್ಯಸನವು ದೇಹವನ್ನು ಕೆಡಿಸುತ್ತದೆ, ಮನೆಯನ್ನು ಮುರಿಯುತ್ತದೆ, ತರುಣರು ದಾರಿ ತಪ್ಪುತ್ತಿದ್ದಾರೆ. ಈ ಮಾತುಗಳು ಸುಳ್ಳಲ್ಲ. ಆದರೆ ಅವುಗಳನ್ನು ಅಲ್ಲಗಳೆಯುವವರೇ ಇಲ್ಲವಾದ್ದರಿಂದ ಮತ್ತೊಮ್ಮೆ ಬರೆದು ಪ್ರಯೋಜನವಿಲ್ಲ. ನಾವು ಎದುರಿಸಬೇಕಾದ ವಾದ ಬೇರೊಂದಿದೆ. ನಮ್ಮ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ಎಷ್ಟೋ ಮಂದಿ ಇಂದು ಅಮೆರಿಕೆಯಲ್ಲಿ, ಕೆನಡಾದಲ್ಲಿ ಸಂಸಾರ ಹೂಡಿದ್ದಾರೆ. ಅವರ ಮಕ್ಕಳು ಕಾಲೇಜಿನಿಂದ ಮನೆಗೆ ಬಂದು, "ನನ್ನ ದೇಹ ನನ್ನದು, ಅದರೊಳಗೆ ನಾನು ಏನನ್ನು ಸೇರಿಸಿಕೊಳ್ಳುತ್ತೇನೆಂದು ಕೇಳಲು ಸರ್ಕಾರ ಯಾರು?" ಎಂದು ಕೇಳಿದರೆ, ಅದೂ ಸಿಟ್ಟಿಲ್ಲದೆ, ತರ್ಕಬದ್ಧವಾಗಿ ಕೇಳಿದರೆ, ತಂದೆತಾಯಿಗಳು ಏನು ಹೇಳಬೇಕು? ಗದರಿಸುವುದು ಉತ್ತರವಲ್ಲ.

ಆ ದೇಶದಲ್ಲಿ ಈ ವಾದ ಹೂಡುವವರಿಗೆ ಲಿಬರ್ಟೇರಿಯನ್ನರೆಂದು ಹೆಸರು. ನಾವು ಅವರನ್ನು ಸ್ವಾತಂತ್ರ್ಯವಾದಿಗಳೆಂದು ಕರೆಯೋಣ. ಇವರನ್ನು ವ್ಯಸನಿಗಳ ಬಳಗವೆಂದು ತಳ್ಳಿಹಾಕುವುದು ಅನ್ಯಾಯ. ೧೯೭೧ರಲ್ಲಿ ಅಧ್ಯಕ್ಷ ನಿಕ್ಸನ್ ಅವರು ಮಾದಕ ವ್ಯಸನವನ್ನು ದೇಶದ ಪ್ರಥಮ ಶತ್ರುವೆಂದು ಸಾರಿದಾಗ, ಮರುವರ್ಷವೇ ನ್ಯೂಸ್‌ವೀಕ್ ವಾರಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದವರು ಮಿಲ್ಟನ್ ಫ್ರೀಡ್‌ಮನ್. ಮುಂದೆ ೧೯೭೬ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದವರು. ೧೯೨೦ರಿಂದ ೧೯೩೩ರವರೆಗೆ ಅಮೆರಿಕೆ ಮದ್ಯವನ್ನು ನಿಷೇಧಿಸಿ ಕಂಡ ಫಲವೇನು? ಕುಡಿತ ನಿಲ್ಲಲಿಲ್ಲ, ದರೋಡೆಕೋರರ ತಂಡಗಳು ಕೊಬ್ಬಿದವು ಎಂಬುದು ಅವರ ಮುಖ್ಯ ದೃಷ್ಟಾಂತ. ಮನೋವೈದ್ಯ ಥಾಮಸ್ ಸಾಸ್ ಇನ್ನೂ ಮುಂದೆ ಹೋದರು. ತನ್ನ ದೇಹದ ಮೇಲಿನ ಒಡೆತನವೇ ಎಲ್ಲ ಆಸ್ತಿಹಕ್ಕುಗಳಿಗೂ ಮೂಲ, ಮಾದಕ ವಸ್ತುವಿನ ಹಕ್ಕು ಅದರ ಒಂದು ಭಾಗ ಎಂದು ಅವರು ೧೯೯೨ರಲ್ಲಿ ಪುಸ್ತಕವನ್ನೇ ಬರೆದರು.

ಇವರ ವಾದಕ್ಕೆ ಉತ್ತರ ಕೊಡುವ ಮುನ್ನ ಅದರಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳಬೇಕು. ಆ ಸತ್ಯವು ಮನೆಯ ಬಾಗಿಲಿಗೆ ಸಂಬಂಧಿಸಿದ್ದು.

೨೦೦೬ರ ನವೆಂಬರ್ ೨೧ರಂದು ಅಟ್ಲಾಂಟಾ ನಗರದಲ್ಲಿ ಕ್ಯಾಥರಿನ್ ಜಾನ್‌ಸ್ಟನ್ ಎಂಬ ೯೨ ವರ್ಷದ ವೃದ್ಧೆಯ ಮನೆಬಾಗಿಲನ್ನು ಪೊಲೀಸರು ಒಡೆದರು. ಬಾಗಿಲು ತಟ್ಟದೆ, ತಾವು ಯಾರೆಂದು ಹೇಳದೆ ಒಳನುಗ್ಗಲು ಅವರ ಕೈಯಲ್ಲಿ ವಾರಂಟು ಇತ್ತು. ಕಳ್ಳರು ಬಂದರೆಂದು ಬಗೆದ ಆ ಮುದುಕಿ ತಮ್ಮಲ್ಲಿದ್ದ ಪಿಸ್ತೂಲಿನಿಂದ ಒಂದೇ ಒಂದು ಗುಂಡು ಹಾರಿಸಿದರು. ಅದು ಯಾರಿಗೂ ತಗಲಲಿಲ್ಲ. ಪೊಲೀಸರು ಹಾರಿಸಿದ ಗುಂಡುಗಳು ೩೯. ಮನೆಯಲ್ಲಿ ಮಾದಕ ವಸ್ತು ಇರಲಿಲ್ಲ. ವಾರಂಟು ಪಡೆಯಲು ನ್ಯಾಯಾಧೀಶರ ಮುಂದೆ ಹೇಳಿದ್ದು ಸುಳ್ಳು. ಆಕೆ ಸತ್ತ ಮೇಲೆ ಪೊಲೀಸರೇ ಆ ಮನೆಯಲ್ಲಿ ಗಾಂಜಾ ತಂದಿಟ್ಟರು. ಇದು ಆಪಾದನೆಯಲ್ಲ, ನ್ಯಾಯಾಲಯದಲ್ಲಿ ಅವರೇ ಒಪ್ಪಿಕೊಂಡು ಸೆರೆವಾಸ ಅನುಭವಿಸಿದ ಅಪರಾಧ. ಬೇಲಿಯೇ ಎದ್ದು ಹೊಲ ಮೇಯ್ದುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮಿಸಿಸಿಪ್ಪಿ ಸಂಸ್ಥಾನದ ಪ್ರೆಂಟಿಸ್ ಎಂಬ ಸಣ್ಣ ಊರಿನಲ್ಲಿ ೨೦೦೧ರ ಡಿಸೆಂಬರ್ ೨೬ರ ರಾತ್ರಿ ಕೋರಿ ಮೇ ಎಂಬ ೨೧ ವರ್ಷದ ಯುವಕ ತನ್ನ ಪುಟ್ಟ ಮಗಳೊಡನೆ ಮನೆಯಲ್ಲಿದ್ದ. ಬಾಗಿಲು ಮುರಿಯುವ ಸದ್ದಿಗೆ ಎಚ್ಚೆತ್ತು ಗುಂಡು ಹಾರಿಸಿದ; ಒಳಬಂದ ಪೊಲೀಸ್ ಅಧಿಕಾರಿ ಮಡಿದ. ಬಂದವರು ಪೊಲೀಸರೆಂದು ತನಗೆ ತಿಳಿಯಲಿಲ್ಲವೆಂದು ಆತ ಹೇಳಿದ್ದನ್ನು ಜ್ಯೂರಿಯವರು ನಂಬಲಿಲ್ಲ. ೨೦೦೪ರಲ್ಲಿ ಮರಣದಂಡನೆ ವಿಧಿಸಲಾಯಿತು. ಅವನ ಪ್ರಕರಣವನ್ನು ದೇಶದ ಮುಂದಿಟ್ಟವರು ಸ್ವಾತಂತ್ರ್ಯವಾದಿ ಪತ್ರಕರ್ತ ರ‍್ಯಾಡ್ಲಿ ಬಾಲ್ಕೊ. ದಂಡನೆ ರದ್ದಾಗಿ, ಮರುವಿಚಾರಣೆಗೆ ಆಜ್ಞೆಯಾಗಿ, ಕೊನೆಗೆ ಕಡಿಮೆ ಅಪರಾಧವನ್ನು ಒಪ್ಪಿಕೊಂಡು ಆತ ೨೦೧೧ರಲ್ಲಿ ಹೊರಬಂದ. ಹತ್ತು ವರ್ಷಗಳು ಹೋದವು. ಮಗಳು ತಂದೆಯಿಲ್ಲದೆ ಬೆಳೆದಳು. ೨೦೨೦ರ ಮಾರ್ಚ್ ೧೩ರಂದು ಲೂಯಿವಿಲ್ ನಗರದಲ್ಲಿ ಬ್ರಿಯಾನಾ ಟೇಲರ್ ಎಂಬ ೨೬ ವರ್ಷದ ತರುಣಿ ಇಂಥದೇ ದಾಳಿಯಲ್ಲಿ ಸತ್ತಳು. ಅಲ್ಲಿಯೂ ಮನೆಯೊಳಗಿಂದ ಹಾರಿದ್ದು ಒಂದೇ ಗುಂಡು. ಅಲ್ಲಿಯೂ ಮಾದಕ ವಸ್ತು ಸಿಗಲಿಲ್ಲ.

ಸ್ವಾತಂತ್ರ್ಯವಾದಿಗಳು ಕೇಳುವ ಪ್ರಶ್ನೆ ಇದು: ನಡುರಾತ್ರಿ ಬಾಗಿಲು ಮುರಿದು ಬಂದವನು ಕಳ್ಳನಾದರೆ ಅವನನ್ನು ಹೊಡೆಯುವುದು ಆತ್ಮರಕ್ಷಣೆ, ಪೊಲೀಸನಾದರೆ ಅದೇ ಹೊಡೆತ ಕೊಲೆ. ಕತ್ತಲಲ್ಲಿ ನಿದ್ದೆಗಣ್ಣಿನ ಮನುಷ್ಯನು ಇವರಿಬ್ಬರನ್ನು ಹೇಗೆ ಬೇರ್ಪಡಿಸಬೇಕು? (ನಮ್ಮ ಹಳೆಯ ದಂಡಸಂಹಿತೆಯ ೯೯ನೆಯ ಕಲಮು ಬಂದವನು ಸರ್ಕಾರಿ ನೌಕರನೆಂದು ತಿಳಿಯದವನಿಗೆ, ತಿಳಿಯಲು ಕಾರಣವೂ ಇಲ್ಲದವನಿಗೆ ರಕ್ಷಣೆಯ ಹಕ್ಕನ್ನು ಉಳಿಸಿತ್ತು, ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.) ಒಬ್ಬ ಮನುಷ್ಯ ತನ್ನ ಮನೆಯಲ್ಲಿ ಸೇದಬಹುದಾದ ಗಾಂಜಾವನ್ನು ತಡೆಯುವುದಕ್ಕಾಗಿ ಸರ್ಕಾರವು ಈ ಗೊಂದಲವನ್ನು ತಾನೇ ಕೈಯಾರೆ ಸೃಷ್ಟಿಸುತ್ತಿದೆ. ಈ ಮಾತಿಗೆ ನಮ್ಮಲ್ಲಿ ಪ್ರತ್ಯುತ್ತರವಿಲ್ಲ. ಇದ್ದರೆ ಯಾರಾದರೂ ಬರೆಯಲಿ.

ಇಷ್ಟೆಲ್ಲ ನಡೆದದ್ದು ಯಾರ ಹೆಸರಿನಲ್ಲಿ? ಮಕ್ಕಳ ಹೆಸರಿನಲ್ಲಿ. ಶಾಲೆಯಿಂದ ಸಾವಿರ ಅಡಿಯ ಒಳಗೆ ಮಾದಕ ವಸ್ತು ಮಾರಿದರೆ ಹೆಚ್ಚಿನ ಶಿಕ್ಷೆ ಎಂಬ ಕಾನೂನು ಅಲ್ಲಿದೆ. ಕೇಳುವುದಕ್ಕೆ ಸೊಗಸು, ಆದರೆ ಹೆಜ್ಜೆಗೊಂದು ಶಾಲೆಯಿರುವ ನಗರಗಳಲ್ಲಿ ಇಡೀ ಬಡವರ ಕೇರಿಯೇ ಆ ವೃತ್ತದೊಳಗೆ ಬೀಳುತ್ತದೆ. ಶಾಲೆ ಮುಚ್ಚಿದ ರಾತ್ರಿಯಲ್ಲಿ, ಇಬ್ಬರು ವಯಸ್ಕರ ನಡುವೆ ನಡೆದ ವ್ಯವಹಾರಕ್ಕೂ ಅದೇ ಹೆಚ್ಚಿನ ಶಿಕ್ಷೆ. ೧೯೯೮ರಲ್ಲಿ ಬಂದ ಇನ್ನೊಂದು ಕಾನೂನಂತೂ ಇನ್ನೂ ವಿಚಿತ್ರ. ಮಾದಕ ವಸ್ತು ಇಟ್ಟುಕೊಂಡ ಅಪರಾಧ ಸಾಬೀತಾದ ವಿದ್ಯಾರ್ಥಿಗೆ ಕಾಲೇಜು ಓದಲು ಕೇಂದ್ರ ಸರ್ಕಾರ ಕೊಡುವ ಧನಸಹಾಯವನ್ನು ಅದು ನಿಲ್ಲಿಸಿತು: ಮೊದಲ ಸಲ ಒಂದು ವರ್ಷ, ಎರಡನೆಯ ಸಲ ಎರಡು ವರ್ಷ, ಮೂರನೆಯ ಸಲ ಅನಿರ್ದಿಷ್ಟ ಕಾಲ. ದರೋಡೆ ಮಾಡಿ ಶಿಕ್ಷೆ ಅನುಭವಿಸಿ ಬಂದವನಿಗೆ ಇಂಥ ತಡೆಯಿರಲಿಲ್ಲ. ಹಣವುಳ್ಳವರ ಮಗನಿಗೂ ತೊಂದರೆಯಿಲ್ಲ, ಅವನಿಗೆ ಆ ಸಹಾಯವೇ ಬೇಡ. ಶಿಕ್ಷೆ ತಟ್ಟಿದ್ದು ಬಡವರ ಮಕ್ಕಳಿಗೆ ಮಾತ್ರ. ಅನ್ನ ಮತ್ತು ವಸತಿಯ ಆಸರೆ ಇಲ್ಲದಿದ್ದರೆ ತಮ್ಮ ಓದು ಎಲ್ಲಿ ನಿಲ್ಲುತ್ತಿತ್ತೆಂದು ಬಲ್ಲ ನಮ್ಮ ವಾಚಕರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ೨೦೨೦ರಲ್ಲಿ ಆ ದೇಶದ ಶಾಸನಸಭೆ ಇದನ್ನು ತೆಗೆದುಹಾಕಲು ಒಪ್ಪಿತು, ಇಪ್ಪತ್ತೆರಡು ವರ್ಷ ತಡವಾಗಿ. ತರುಣರನ್ನು ರಕ್ಷಿಸುವೆವೆಂದು ಹೊರಟು ತರುಣರ ವಿದ್ಯೆಯನ್ನು ಕಸಿದದ್ದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಲ್ಲ. ಜ್ವರ ಬಂದ ಎತ್ತಿಗೇ ಮೇವು ತಪ್ಪಿಸಿದಂತೆ.

ಇಲ್ಲಿಯವರೆಗೆ ನಾವು ಸ್ವಾತಂತ್ರ್ಯವಾದಿಗಳ ಜೊತೆಗೇ ನಡೆದು ಬಂದೆವು. ಇಲ್ಲಿಂದ ಮುಂದೆ ನಡೆಯಲಾರೆವು. ಏಕೆಂದರೆ ಒಡೆದ ಬಾಗಿಲನ್ನು ತೋರಿಸಿ ಅವರು ಕೇಳುವುದು ಬಾಗಿಲಿನ ಭದ್ರತೆಯನ್ನಷ್ಟೇ ಅಲ್ಲ, ಅದರ ಜೊತೆಗೆ ಅಂಗಡಿಯನ್ನೂ ಕೇಳುತ್ತಾರೆ. ಸೇವಿಸುವವನ ಸ್ವಾತಂತ್ರ್ಯದ ಹೆಸರಿನಲ್ಲಿ ಮಾರುವವನ ಸ್ವಾತಂತ್ರ್ಯ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ.

ಈ ಬೆರಕೆ ಎಲ್ಲಿಂದ ಬಂತೆಂದು ನೋಡಬೇಕು. ಸ್ವಾತಂತ್ರ್ಯವಾದಿಗಳೆಲ್ಲರೂ ಗುರುಸ್ಥಾನದಲ್ಲಿಟ್ಟಿರುವ ಜಾನ್ ಸ್ಟುವರ್ಟ್ ಮಿಲ್ ಅವರು ಸ್ವಾತಂತ್ರ್ಯವನ್ನು ಕುರಿತ ತಮ್ಮ ಗ್ರಂಥವನ್ನು ೧೮೫೯ರಲ್ಲಿ ಪ್ರಕಟಿಸಿದರು. ಅದರಲ್ಲಿ, ಚೀನಾ ದೇಶಕ್ಕೆ ಅಫೀಮಿನ ಆಮದನ್ನು ನಿಷೇಧಿಸುವುದು ಕೊಳ್ಳುವವನ ಸ್ವಾತಂತ್ರ್ಯಕ್ಕೆ ಭಂಗ ತರುವ ಕ್ರಮವೆಂದು ದೃಷ್ಟಾಂತವಾಗಿ ಎಣಿಸಿದ್ದಾರೆ. ಇದೇ ಮಹಾಶಯರು ೧೮೨೩ರಿಂದ ೧೮೫೮ರವರೆಗೆ ಮೂವತ್ತೈದು ವರ್ಷ ಸಂಬಳ ಎಣಿಸಿದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲಿ! ಪಾಟ್ನಾ ಮತ್ತು ಘಾಜೀಪುರಗಳಲ್ಲಿ ನಮ್ಮ ರೈತರಿಂದ ಅಫೀಮು ಮಾಡಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿ, ಅದು ಚೀನೀಯರ ಹೊಟ್ಟೆ ಸೇರುವಂತೆ ನೋಡಿಕೊಂಡ ಕಂಪನಿ ಅದು. ಚೀನಾದ ಅಧಿಕಾರಿ ಲಿನ್ ೧೮೩೯ರಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಅಫೀಮಿನ ಪೆಟ್ಟಿಗೆಗಳನ್ನು ನಾಶಮಾಡಿದಾಗ ಇಂಗ್ಲೆಂಡು ಯುದ್ಧನೌಕೆಗಳನ್ನು ಕಳಿಸಿತು. ಮಿಲ್ ಅವರ ಗ್ರಂಥದಲ್ಲಿ ಇನ್ನೂ ಒಂದು ಮಾತಿದೆ. ಸ್ವಾತಂತ್ರ್ಯದ ತತ್ವವು ಮಕ್ಕಳಿಗೆ ಅನ್ವಯಿಸದು. ಹಾಗೆಯೇ ಹಿಂದುಳಿದ ಜನಾಂಗಗಳಿಗೂ ಅನ್ವಯಿಸದು, ಅವರೂ ಬಾಲ್ಯಾವಸ್ಥೆಯಲ್ಲಿರುವವರೇ ಎಂದು. ಅಂತೂ ಏಷ್ಯಾದ ಮನುಷ್ಯ ತನ್ನನ್ನು ತಾನು ಆಳಿಕೊಳ್ಳಲು ಬಾಲಕ, ಅಫೀಮು ಕೊಳ್ಳಲು ಪ್ರೌಢ!

ಆದರೆ ವೈರಿಯ ಮಾತಿನಲ್ಲಿಯೂ ನ್ಯಾಯವಿದ್ದರೆ ಅದನ್ನು ಮುಚ್ಚಿಡಬಾರದು. ವ್ಯಾಪಾರವು ಸಾಮಾಜಿಕ ಕ್ರಿಯೆ, ಮಾರುವವನು ಸಮಾಜದ ಅಧಿಕಾರಕ್ಕೆ ಒಳಪಟ್ಟವನು ಎಂದು ಅದೇ ಗ್ರಂಥ ಹೇಳುತ್ತದೆ. ಅಮಲು ಹೆಚ್ಚಿಸುವುದರಲ್ಲಿ ಮದ್ಯ ಮಾರುವವರಿಗೆ ಇರುವ ಲಾಭವು ನಿಜವಾದ ಕೇಡು, ಅವರ ಮೇಲೆ ನಿರ್ಬಂಧ ಹೇರುವುದು ನ್ಯಾಯವೆಂದೂ ಹೇಳುತ್ತದೆ. ಶಿಷ್ಯರು ಗುರುವಿನ ಅರ್ಧ ಮಾತನ್ನು ಮಾತ್ರ ಕಂಠಪಾಠ ಮಾಡಿದ್ದಾರೆ.

ಫ್ರೀಡ್‌ಮನ್ನರನ್ನೇ ತೆಗೆದುಕೊಳ್ಳಿ. ಮಕ್ಕಳ ವಿಷಯ ಬೇರೆಯೆಂದು ಅವರೂ ೧೯೭೨ರಲ್ಲಿ ಒಪ್ಪಿದರು. ಆದರೆ ನಿಷೇಧವಿರುವುದರಿಂದಲೇ ಕಳ್ಳ ಮಾರಾಟಗಾರನು ಮೊದಲ ಕೆಲವು ಸಲ ಪುಕ್ಕಟೆ ಕೊಟ್ಟು ಗಿರಾಕಿಯನ್ನು ಹಿಡಿಯುತ್ತಾನೆ. ಮುಕ್ತ ಮಾರಾಟವಿದ್ದರೆ ಗಿರಾಕಿ ಅಗ್ಗದ ಅಂಗಡಿಗೆ ಹೋಗುವುದರಿಂದ ಈ ಕುಟಿಲೋಪಾಯಕ್ಕೆ ಲಾಭವೇ ಇರದು ಎಂದರು. ಕಾಲವು ಇದನ್ನು ಪರೀಕ್ಷಿಸಿತು. ಪರ್ಡ್ಯೂ ಫಾರ್ಮಾ ಎಂಬ ಕಂಪನಿ ೧೯೯೬ರಲ್ಲಿ ಆಕ್ಸಿಕಾಂಟಿನ್ ಎಂಬ ನೋವುನಿವಾರಕ ಮಾತ್ರೆಯನ್ನು ಪೇಟೆಗೆ ತಂದಿತು. ಅಫೀಮಿನ ವಂಶದ ಔಷಧವೇ ಅದು. ಏಳರಿಂದ ಮೂವತ್ತು ದಿನಗಳ ಮಾತ್ರೆ ಮೊದಲ ಸಲ ಪುಕ್ಕಟೆಯಾಗಿ ಸಿಗುವಂತೆ ಅದು ಚೀಟಿಗಳನ್ನು ಹಂಚಿತು. ೨೦೦೧ರ ಹೊತ್ತಿಗೆ ಸುಮಾರು ೩೪ ಸಾವಿರ ಚೀಟಿಗಳನ್ನು ರೋಗಿಗಳು ಬಳಸಿದ್ದರು. ಚಟ ಹತ್ತುವ ಅಪಾಯವನ್ನು ಮರೆಮಾಚಿದ ಅಪರಾಧವನ್ನು ೨೦೦೭ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಗಲ್ಲಿಯ ಮೂಲೆಯಲ್ಲಿ ನಿಂತವನ ಉಪಾಯವನ್ನೇ ಕೋಟು ತೊಟ್ಟವನೂ ಮಾಡಿದ.

ಅದು ವೈದ್ಯರ ಚೀಟಿಯಿಂದ ಮಾತ್ರ ಸಿಗುವ, ಸರ್ಕಾರವೇ ಮುದ್ರೆಯೊತ್ತಿದ ಔಷಧ. ಮುಕ್ತ ಮಾರುಕಟ್ಟೆಯ ತಪ್ಪಲ್ಲವೆಂದು ಅವರು ಹೇಳುವರು. ಇರಲಿ. ಮುಂದೆ ಆ ದೇಶದಲ್ಲಿ ಸಾವು ಬೆಳೆದದ್ದು ಕಳ್ಳ ಸರಕಾದ ಫೆಂಟನಿಲ್‌ನಿಂದ, ೨೦೨೨ರ ಒಂದೇ ವರ್ಷದಲ್ಲಿ ಮಿತಿಮೀರಿದ ಸೇವನೆಯಿಂದ ಸತ್ತವರು ೧ ಲಕ್ಷ ೭ ಸಾವಿರಕ್ಕೂ ಹೆಚ್ಚೆಂಬುದೂ ನಿಜ. ನಿಷೇಧ ಬಿಗಿಯಾದಷ್ಟೂ ಸರಕು ಉಗ್ರವಾಗುತ್ತದೆಂಬ ಅವರ ಸೂತ್ರಕ್ಕೆ ಅದು ಪುಷ್ಟಿ ಕೊಡುತ್ತದೆ. ಆದರೆ ವೈದ್ಯರ ಚೀಟಿಯೂ ಬೇಡವಾದ ಸರಕನ್ನು ನೋಡಿ. ೨೦೧೫ರಲ್ಲಿ ಜೂಲ್ ಎಂಬ ವಿದ್ಯುತ್ ಸಿಗರೇಟು ಬಂತು. ನೋಡಲು ಶಾಲಾಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿ ಅಡಗುವ ವಸ್ತು, ರುಚಿ ಮಾವಿನಹಣ್ಣಿನದು. ೨೦೧೯ರ ಸಮೀಕ್ಷೆಯಲ್ಲಿ ಪ್ರೌಢಶಾಲೆಯ ಮಕ್ಕಳಲ್ಲಿ ನೂರಕ್ಕೆ ೨೭.೫ ಮಂದಿ ವಿದ್ಯುತ್ ಸಿಗರೇಟು ಸೇದುತ್ತಿದ್ದರು. ಗಾಂಜಾ ಬೆರೆಸಿದ ಮಿಠಾಯಿಗಳ ಕಥೆಯೂ ಇದೇ. ಆರು ವರ್ಷದೊಳಗಿನ ಕೂಸುಗಳು ಅವನ್ನು ತಿಂದ ಪ್ರಕರಣಗಳು ಅಲ್ಲಿಯ ವಿಷಚಿಕಿತ್ಸಾ ಕೇಂದ್ರಗಳಲ್ಲಿ ೨೦೧೭ರಲ್ಲಿ ೨೦೭, ೨೦೨೧ರಲ್ಲಿ ೩,೦೫೪. ಗಾಂಜಾವನ್ನು ಮಿಠಾಯಿಯ ರೂಪದಲ್ಲಿ ಮಾರದಿದ್ದರೆ ಯಾವ ವಯಸ್ಕನ ಯಾವ ಹಕ್ಕಿಗೆ ಕುಂದು?

ಇಲ್ಲಿ ಸ್ವಾತಂತ್ರ್ಯವಾದಿಯ ಆಯುಧವನ್ನೇ ನಾವು ಎತ್ತಿಕೊಳ್ಳಬೇಕು. ತನ್ನ ಮೇಲೆ ಬಂದವನನ್ನು ತಡೆಯುವ ಹಕ್ಕು ಹುಟ್ಟಿನಿಂದ ಬಂದದ್ದೆಂದು ಅವನು ಹೇಳುತ್ತಾನೆ. ತನ್ನನ್ನು ರಕ್ಷಿಸಿಕೊಳ್ಳಲಾರದವನ ಪರವಾಗಿ ಇನ್ನೊಬ್ಬನು ತಡೆಯಬಹುದೆಂದೂ ಎಲ್ಲ ದೇಶಗಳ ನ್ಯಾಯಶಾಸ್ತ್ರ ಒಪ್ಪುತ್ತದೆ. ಹದಿನಾಲ್ಕು ವರ್ಷದ ಹುಡುಗನ ಮುಂದೆ ಮಾವಿನ ರುಚಿಯ ನಿಕೋಟಿನ್ ಹಿಡಿಯುವವನು ಬಾಗಿಲು ಒಡೆದು ಬರುವುದಿಲ್ಲ, ನಿಜ. ತೆರೆದ ಬಾಗಿಲಿನಿಂದಲೇ ಬರುತ್ತಾನೆ. ಆ ಹುಡುಗನಿಗೆ ಅವನನ್ನು ತಡೆಯುವ ವಿವೇಕ ಇನ್ನೂ ಬಲಿತಿಲ್ಲವೆಂದು ಮಿಲ್, ಫ್ರೀಡ್‌ಮನ್ ಇಬ್ಬರೂ ಒಪ್ಪಿದ ಮೇಲೆ, ಅವನ ಪರವಾಗಿ ತಂದೆತಾಯಿಗಳೂ ಸಮಾಜವೂ ಆ ಮಾರಾಟಗಾರನ ಕೈ ಹಿಡಿಯುವುದು ದಬ್ಬಾಳಿಕೆ ಹೇಗಾಗುತ್ತದೆ? ಅದು ಆತ್ಮರಕ್ಷಣೆಯೇ. ಇನ್ನು ಕುಟುಂಬವೊಂದೇ ನೋಡಿಕೊಳ್ಳಲಿ ಎನ್ನುವವರು, ಎರಡು ಪಾಳಿ ದುಡಿಯುವ ತಾಯಿಯೊಬ್ಬಳನ್ನು ಸಾವಿರ ಕೋಟಿಯ ಜಾಹೀರಾತಿನೆದುರು ಒಂಟಿಯಾಗಿ ನಿಲ್ಲಿಸುತ್ತಾರೆ.

ಇದು ಬರಿಯ ತರ್ಕವಲ್ಲ, ನಡೆದು ತೋರಿದ ಮಾರ್ಗ. ೧೯೯೭ರಲ್ಲಿ ಅಮೆರಿಕೆಯ ಪ್ರೌಢಶಾಲಾ ಮಕ್ಕಳಲ್ಲಿ ನೂರಕ್ಕೆ ೩೬.೪ ಮಂದಿ ಸಿಗರೇಟು ಸೇದುತ್ತಿದ್ದರು. ೨೦೧೯ರಲ್ಲಿ ನೂರಕ್ಕೆ ಆರು ಮಂದಿ. ಸೇದುವ ಯಾವ ವಯಸ್ಕನನ್ನೂ ಸೆರೆಗೆ ತಳ್ಳಲಿಲ್ಲ, ಯಾರ ಮನೆಯ ಬಾಗಿಲನ್ನೂ ಮುರಿಯಲಿಲ್ಲ. ತೆರಿಗೆ ಏರಿಸಿದರು. ೧೯೯೮ರಲ್ಲಿ ೪೬ ಸಂಸ್ಥಾನಗಳು ಕಂಪನಿಗಳನ್ನು ಒಪ್ಪಂದಕ್ಕೆ ಎಳೆದು ವ್ಯಂಗ್ಯಚಿತ್ರದ ಜಾಹೀರಾತನ್ನೂ ರಸ್ತೆಬದಿಯ ದೊಡ್ಡ ಫಲಕಗಳನ್ನೂ ತೆಗೆಸಿದವು. ಪುಕ್ಕಟೆ ಸಿಗರೇಟು ಹಂಚುವುದನ್ನು ೨೦೧೦ರಲ್ಲಿ ನಿಲ್ಲಿಸಿದರು.

ಬಳಸುವವನನ್ನು ಸುಮ್ಮನೆ ಬಿಟ್ಟುಬಿಟ್ಟರೆ ಎಲ್ಲ ಸರಿಹೋಗುವುದೆಂದೂ ನಾವು ಹೇಳುವುದಿಲ್ಲ. ಆರೆಗನ್ ಸಂಸ್ಥಾನದ ಮತದಾರರು ೨೦೨೦ರಲ್ಲಿ ಹಾಗೆಯೇ ಬಿಟ್ಟರು: ನೂರು ಡಾಲರಿನ ಚೀಟಿ, ದೂರವಾಣಿಯಲ್ಲಿ ಸಲಹೆ ಕೇಳಿದರೆ ಅದೂ ಮಾಫಿ. ಕರೆ ಮಾಡಿದವರು ಬೆರಳೆಣಿಕೆಯವರು. ಚಿಕಿತ್ಸೆಯ ಹಣ ಬಂದದ್ದು ತಡವಾಗಿ. ೨೦೨೪ರ ಸೆಪ್ಟೆಂಬರಿನಿಂದ ಅಲ್ಲಿ ಮತ್ತೆ ಅದು ಅಪರಾಧ. ಪೋರ್ಚುಗಲ್ ದೇಶ ೨೦೦೧ರಲ್ಲಿ ಬೇರೆ ರೀತಿ ಮಾಡಿತು. ಹತ್ತು ದಿನದ ಬಳಕೆಗಿಂತ ಹೆಚ್ಚಿಲ್ಲದಷ್ಟು ಇಟ್ಟುಕೊಂಡವನನ್ನು ಅಪರಾಧಿಯೆನ್ನದೆ ಮೂವರು ಸದಸ್ಯರ ಆಯೋಗದ ಮುಂದೆ ಕೂರಿಸುತ್ತಾರೆ. ಆತ ಚಟಕ್ಕೆ ಬಿದ್ದವನೋ, ಒಮ್ಮೆ ರುಚಿ ನೋಡಿದವನೋ ಎಂದು ವಿಚಾರಿಸಿ ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಮಾರುವವನಿಗೆ ಅಲ್ಲಿ ಇಂದಿಗೂ ಸೆರೆಮನೆಯೇ.