ಕಾವಲು ಪಾಳಾದ ಬಗೆ

ವಿಶ್ವಸಂಸ್ಥೆಯ ಮಹಾಸಭೆಯು 2026ನೆಯ ವರ್ಷವನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು 2022ರಲ್ಲಿಯೇ ಘೋಷಿಸಿತು. ಇಂಥ ವರ್ಷಗಳು ಬರುತ್ತವೆ, ಹೋಗುತ್ತವೆ. ನಾಲ್ಕು ಭಾಷಣಗಳಾಗುತ್ತವೆ, ಒಂದು ಭಿತ್ತಿಪತ್ರ ಹೊರಡುತ್ತದೆ. ಆದರೆ ಈ ಘೋಷಣೆ ನಮ್ಮ ದೇಶದ ಮಟ್ಟಿಗೆ ಕೊಂಚ ಮುಜುಗರದ ಪ್ರಶ್ನೆಯೊಂದನ್ನು ಎತ್ತುತ್ತದೆ. ನಮ್ಮ ಸರ್ಕಾರಿ ಲೆಕ್ಕದಲ್ಲಿ ಹುಲ್ಲುನೆಲಕ್ಕೆ ಇರುವ ಹೆಸರೇನು?

ಕೇಂದ್ರದ ಭೂಸಂಪನ್ಮೂಲ ಇಲಾಖೆಯವರು ಉಪಗ್ರಹಚಿತ್ರಗಳ ನೆರವಿನಿಂದ ಸಿದ್ಧಪಡಿಸಿರುವ ‘ಪಾಳುಭೂಮಿ ಭೂಪಟ’ ಎಂಬ ಗ್ರಂಥವೊಂದಿದೆ. ಅದರ 2019ರ ಆವೃತ್ತಿಯಂತೆ ದೇಶದಲ್ಲಿರುವ ಪಾಳುಭೂಮಿ ಸುಮಾರು 5 ಕೋಟಿ 57 ಲಕ್ಷ ಹೆಕ್ಟೇರು. ಎಂದರೆ ನಾಡಿನ ಒಟ್ಟು ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಶೇಕಡ 17. ಈ ಪಾಳನ್ನು ಅಲ್ಲಿ 23 ಬಗೆಗಳಾಗಿ ವಿಂಗಡಿಸಿದ್ದಾರೆ. ಕೊರಕಲು ನೆಲ, ಉಪ್ಪುನೆಲ, ಮರಳುದಿಬ್ಬ, ಗಣಿಗಾರಿಕೆಯಿಂದ ಕೆಟ್ಟ ನೆಲ, ಕಾರ್ಖಾನೆಯ ಕಸ ಬಿದ್ದ ನೆಲ—ಇವೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಅದೇ ಪಂಕ್ತಿಯಲ್ಲಿ ದಟ್ಟ ಕುರುಚಲು ಭೂಮಿ, ವಿರಳ ಕುರುಚಲು ಭೂಮಿ, ಸವೆದ ಗೋಮಾಳ ಇವೂ ಕುಳಿತಿವೆ. ಗಣಿಯವನು ಅಗೆದು ಬಿಟ್ಟ ಹೊಂಡಕ್ಕೂ ಕೃಷ್ಣಮೃಗ ನೆಗೆಯುವ ಬಯಲಿಗೂ ಒಂದೇ ಕುಲನಾಮ! ಇದು ಬರಿಯ ಮಾತಿನ ಎಡವಟ್ಟೆಂದು ನಾನು ತಿಳಿಯಲಾರೆ. ಪಾಳೆಂದು ಬರೆದ ನೆಲವನ್ನು ‘ಅಭಿವೃದ್ಧಿ’ಗೊಳಿಸುವುದು ಆಡಳಿತದ ಕರ್ತವ್ಯವೇ ಆಗಿಬಿಡುತ್ತದೆ, 1985ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಮಂಡಲಿಯೊಂದೂ ಸ್ಥಾಪಿತವಾಯಿತು.

ನಾನು ವಿಜ್ಞಾನಿಯಲ್ಲ, ಕನ್ನಡ ಪಾಠ ಹೇಳುವವನು. ಆದುದರಿಂದ ಶಬ್ದದ ದಾರಿಯಿಂದಲೇ ಈ ವಿಷಯವನ್ನು ಸಮೀಪಿಸುತ್ತೇನೆ. ‘ಜಂಗಲ್’ ಎಂದೊಡನೆ ಇಂದು ನಮ್ಮ ಕಣ್ಮುಂದೆ ನಿಲ್ಲುವುದು ಬಿಸಿಲು ನೆಲಕ್ಕಿಳಿಯದ ಗೊಂಡಾರಣ್ಯ. ಅದರ ಮೂಲವಾದ ಸಂಸ್ಕೃತದ ‘ಜಾಂಗಲ’ ಶಬ್ದಕ್ಕಾದರೋ ಅರ್ಥ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಚರಕಸಂಹಿತೆಯು ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಭಜಿಸುತ್ತದೆ. ಆನೂಪವೆಂದರೆ ನೀರು ನಿಲ್ಲುವ, ದಟ್ಟವಾಗಿ ಬೆಳೆದ ನಾಡು. ಜಾಂಗಲವೆಂದರೆ ವಿಶಾಲವಾದ ಆಕಾಶವುಳ್ಳ, ಗಾಳಿ ಬೀಸುವ, ಅಲ್ಲಲ್ಲಿ ಮುಳ್ಳುಮರಗಳಿರುವ, ಬಿಸಿಲ್ಗುದುರೆ ಓಡುವ ಒಣ ಬಯಲು. ಅಲ್ಲಿ ಜಿಂಕೆ, ಲಾವುಗೆ, ಗೌಜಲಗಳುಂಟು. ಅಲ್ಲಿಯ ಜನರು ಗಟ್ಟಿಮುಟ್ಟಾದವರು. ಫ್ರೆಂಚ್ ವಿದ್ವಾಂಸ ಫ್ರಾನ್ಸ್ವಾ ಜಿಮ್ಮರ್‌ಮನ್ ಅವರು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅರ್ಥವಿಪರ್ಯಾಸವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಮನುಸ್ಮೃತಿಯು ಕೃಷ್ಣಸಾರಮೃಗವು ಸಹಜವಾಗಿ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವಾದ ದೇಶವೆನ್ನುತ್ತದೆ. ಆ ಮೃಗ ಕಾಡಿನದಲ್ಲ, ಬಯಲಿನದು. ಒಂದು ಕಾಲದಲ್ಲಿ ಯಜ್ಞಭೂಮಿಯ ಗುರುತಾಗಿದ್ದ ಪ್ರಾಣಿಯ ನೆಲ ಇಂದು ಪಾಳಿನ ಪಟ್ಟಿಗೆ ಸೇರಿದೆ.

ಕನ್ನಡದಲ್ಲಿ ಈ ನೆಲಕ್ಕೆ ಹೆಸರುಗಳ ಬಡತನವಿಲ್ಲ: ಕಾವಲು, ಗೋಮಾಳ, ಬೀಳು, ಮಟ್ಟಿ, ಕುರುಚಲು. ‘ಕಾವಲು’ ಎಂಬುದರಲ್ಲಿಯೇ ‘ಕಾ’ ಧಾತುವಿದೆ. ಅದು ಕಾದಿರಿಸಿದ ನೆಲ, ಯಾರೂ ಕೇಳದೆ ಬಿದ್ದ ನೆಲವಲ್ಲ. ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳ ಸಂಗತಿ ಇಲ್ಲಿ ಸ್ಮರಣೀಯ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಅಮೃತಮಹಲ್ ಎಂಬ ಹೆಸರಿಟ್ಟನು. ಅದರ ದನಗಳಿಗಾಗಿ ಮೀಸಲಾಗಿದ್ದ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಕೆರೆಯ ಹಿನ್ನೀರಿನ ಹಸಿರು, ಮರದ ನೆರಳು ಉಳ್ಳವು ಬೇಸಗೆಗೆ. ಮಳೆ ಬಿದ್ದೊಡನೆ ಹುಲ್ಲು ಚಿಗುರುವವು ಮಳೆಗಾಲಕ್ಕೆ. ಇದನ್ನು ಮಾಡಿದವರು ಯಾವ ಜೀವಶಾಸ್ತ್ರವನ್ನೂ ಓದಿದವರಲ್ಲ. ದನದ ಹಿಂದೆ ನಡೆದವರು. ಆದರೂ ಅವರ ವಿಂಗಡಣೆಯಲ್ಲಿ ನೀರು, ಹುಲ್ಲು, ಪಶು, ಋತು ನಾಲ್ಕೂ ಒಂದರೊಡನೊಂದು ಹೆಣೆದುಕೊಂಡಿವೆ. 1935ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಟ್ಯಾನ್ಸ್‌ಲಿಯವರು ಜೀವಿಗಳನ್ನೂ ಅವು ನೆಲಸಿದ ಮಣ್ಣು ನೀರು ಹವೆಗಳನ್ನೂ ಕೂಡಿಸಿ ಒಂದೇ ಘಟಕವೆಂದು ಎಣಿಸಬೇಕೆಂದು ಹೇಳಿ, ‘ಇಕೊಸಿಸ್ಟಂ’ ಎಂಬ ಶಬ್ದವನ್ನು ಬಳಕೆಗೆ ತಂದರು. ನಾವು ಅದನ್ನು ಪರಿಸರ ವ್ಯವಸ್ಥೆಯೆನ್ನುತ್ತೇವೆ. ಇದಕ್ಕೆ ಪ್ರತಿಯಾಗಿ ನಮ್ಮ ಕಂದಾಯ ಇಲಾಖೆಯ ಪ್ರೀತಿಯ ಶಬ್ದವೊಂದಿದೆ—‘ಖರಾಬು’. ಅರಬ್ಬಿಯಲ್ಲಿ ಅದಕ್ಕೆ ಹಾಳು ಎಂದೇ ಅರ್ಥ. ಸಾಗುವಳಿಗೆ ಬಾರದ್ದು ‘ಅ’ ಖರಾಬು. ರಸ್ತೆ, ಹಳ್ಳ, ಸ್ಮಶಾನ ಮೊದಲಾಗಿ ಸಾರ್ವಜನಿಕರಿಗೆ ಬಿಟ್ಟದ್ದು ‘ಬ’ ಖರಾಬು. ಕಂದಾಯ ಬರುವುದು ಒಳ್ಳೆಯದು, ಬಾರದುದು ಹಾಳು: ಎಷ್ಟು ಸರಳವಾದ ಜಗತ್ತು!

ಇನ್ನು ಅರಣ್ಯದ ಲೆಕ್ಕವನ್ನು ನೋಡೋಣ. ಭಾರತೀಯ ಅರಣ್ಯ ಸರ್ವೇಕ್ಷಣದ ವ್ಯಾಖ್ಯೆಯಂತೆ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ಮರಗಳ ಮೇಲ್ಚಾವಣಿ ಶೇಕಡ 10ರಷ್ಟಿದ್ದರೆ ಅದು ಅರಣ್ಯ ಹೊದಿಕೆ. ಒಡೆಯರು ಯಾರು, ಮರ ಯಾವುದು ಎಂಬ ವಿಚಾರಣೆಯಿಲ್ಲ. ತೆಂಗಿನ ತೋಟವೂ ನೀಲಗಿರಿ ನೆಡುತೋಪೂ ಆ ಲೆಕ್ಕಕ್ಕೆ ಬರುತ್ತವೆ. ಹೀಗೆ ತಿಪಟೂರಿನ ತೆಂಗು ಭೂಪಟದಲ್ಲಿ ಹಸಿರಾಗಿ ಶೋಭಿಸಬಹುದು, ಪಕ್ಕದ ಕಾವಲು ಪಾಳಾಗಿ ಉಳಿಯಬಹುದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಥೆ ಇನ್ನೂ ವಿಚಿತ್ರ. 1974ರಲ್ಲಿ ಅಭಯಾರಣ್ಯವೆನಿಸಿದ ಆ ಸುಮಾರು 119 ಚದರ ಕಿಲೋಮೀಟರಿನ ಬಹುಭಾಗವನ್ನು ಆಕ್ರಮಿಸಿದ್ದು ನೀಲಗಿರಿ ನೆಡುತೋಪು. ಓಟವೇ ಆತ್ಮರಕ್ಷಣೆಯಾಗಿರುವ ಪ್ರಾಣಿಗೆ ಮರದ ಸಾಲುಗಳ ಆಶ್ರಯ! ಒಂದು ಕಾಲದಲ್ಲಿ ಅಲ್ಲಿ ಕಾಣುತ್ತಿದ್ದ ಹೆಬ್ಬಕ ಪಕ್ಷಿ ಈಗಿಲ್ಲ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆಯೆಂದು ಹೇಳಬಹುದಾದ ಸಿರುಗುಪ್ಪದ ಎರೆನೆಲದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಅಲ್ಲಿಯವರು ಅದನ್ನು ‘ಎರೆಭೂತ’ವೆನ್ನುತ್ತಾರೆ, ನೆಲದ ಹೆಸರನ್ನೇ ಹಕ್ಕಿಗಿಟ್ಟಿದ್ದಾರೆ. 2011ರಿಂದ ಅದು ಜಾಗತಿಕವಾಗಿ ವಿನಾಶದ ಅತ್ಯಂತ ಸಮೀಪದಲ್ಲಿರುವ ಪಕ್ಷಿಗಳ ಪಟ್ಟಿಯಲ್ಲಿದೆ.

ಹಕ್ಕಿಗಳಿಗೂ ಮೃಗಗಳಿಗೂ ಇಂಥ ಪಟ್ಟಿಗಳು ಬಹುಕಾಲದಿಂದ ಇವೆ. ಅವು ಬಾಳುವ ನೆಲಕ್ಕೆ ಲೋಕಸಮ್ಮತವಾದ ವರ್ಗೀಕರಣ ಮಾತ್ರ ಈಚಿನದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಪ್ರಕಟಿಸಿದ, ಆಸ್ಟ್ರೇಲಿಯದ ಡೇವಿಡ್ ಕೀತ್ ಮೊದಲಾದ ವಿಜ್ಞಾನಿಗಳು ರೂಪಿಸಿದ ಪದ್ಧತಿಯು ಭೂಮಿಯ ಪರಿಸರ ವ್ಯವಸ್ಥೆಗಳನ್ನೆಲ್ಲ ಆರು ಹಂತಗಳಲ್ಲಿ ವಿಂಗಡಿಸುತ್ತದೆ. ನೆಲ, ಸಿಹಿನೀರು, ಕಡಲು, ಪಾತಾಳ ಎಂಬ ಮಂಡಲಗಳು ಮತ್ತು ಅವುಗಳ ಸಂಧಿಸ್ಥಾನಗಳು. ಅವುಗಳೊಳಗೆ 25 ಜೀವವಲಯಗಳು. ಅವುಗಳೊಳಗೆ ನೂರಕ್ಕೂ ಮಿಕ್ಕ ಗುಂಪುಗಳು. ಮೇಲಿನ ಮೂರು ಹಂತಗಳಲ್ಲಿ ಕೇಳುವ ಪ್ರಶ್ನೆ ‘ಈ ವ್ಯವಸ್ಥೆ ಹೇಗೆ ನಡೆಯುತ್ತದೆ?’ ಎಂಬುದು; ‘ಯಾವ ಜೀವಿಗಳಿವೆ?’ ಎಂಬುದು ಕೆಳಗಿನ ಮೂರರಲ್ಲಿ. ಇದರಲ್ಲಿ ಸವನ್ನಾ ಮತ್ತು ಹುಲ್ಲುಗಾವಲುಗಳಿಗೆ ಸ್ವತಂತ್ರವಾದ ಒಂದು ಜೀವವಲಯವೇ ಮೀಸಲು: ಬೆಂಕಿ, ಮೇಯುವ ಪ್ರಾಣಿ, ಋತುವಿನ ಮಳೆ ಇವು ಅದನ್ನು ಹಾಳುಮಾಡುವ ಶಕ್ತಿಗಳಲ್ಲ, ಕಟ್ಟುವ ಶಕ್ತಿಗಳು. ನೆಡುತೋಪಿಗಾದರೋ ಸ್ಥಾನ ಅರಣ್ಯದೊಡನಿಲ್ಲ, ಹೊಲ ಮತ್ತು ನಗರಗಳೊಡನೆ. ಗದ್ದೆಗೂ ನೀರ್ನೆಲಗಳಲ್ಲಿ ತನ್ನದೇ ಆದ ಜಾಗವಿದೆಯೆಂಬುದನ್ನು ಕಂಡು ನನಗೆ ಸಂತೋಷವಾಯಿತು.

ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು 2021ರಲ್ಲಿ ಅಂಗೀಕರಿಸಿದ ಪರಿಸರ ಲೆಕ್ಕಪದ್ಧತಿಯೂ ಇದೇ ವರ್ಗೀಕರಣವನ್ನು ಆಧಾರವಾಗಿ ಸೂಚಿಸಿದೆ. ಆ ಪದ್ಧತಿಯಲ್ಲಿ ಎರಡು ಖಾತೆಗಳು ಬೇರೆ ಬೇರೆ: ಯಾವ ಬಗೆಯ ನೆಲ ಎಷ್ಟಿದೆ ಎಂಬುದು ಒಂದು, ಅದರ ಸ್ಥಿತಿ ಹೇಗಿದೆ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ಹೃದಯ ಇಲ್ಲಿದೆ. ಜಾತಿ ಬೇರೆ, ಅವಸ್ಥೆ ಬೇರೆ. ‘ಪಾಳು’ ಎಂಬುದು ಅವಸ್ಥೆಯ ಹೆಸರು. ಅದನ್ನು ನಾವು ಜಾತಿಯ ಹೆಸರನ್ನಾಗಿ ಮಾಡಿಕೊಂಡಿದ್ದೇವೆ. ಹಳೆಯ ತಮಿಳು ಕವಿಗಳಿಗೆ ಈ ಭೇದ ತಿಳಿದಿತ್ತು. ಅವರ ಐದು ತಿಣೈಗಳಲ್ಲಿ ‘ಪಾಲೈ’ ಎಂಬ ಬೆಂಗಾಡು ಒಂದು. ಆದರೆ ಅದು ತನ್ನಷ್ಟಕ್ಕೆ ಒಂದು ನೆಲವಲ್ಲ, ಗೋವಳರ ಮುಲ್ಲೈಯೂ ಬೆಟ್ಟದ ಕುರಿಂಜಿಯೂ ಬೇಗೆಯಿಂದ ತಮ್ಮ ಗುಣವನ್ನು ಕಳೆದುಕೊಂಡಾಗ ತಾಳುವ ರೂಪ ಎಂದು ಶಿಲಪ್ಪದಿಕಾರವು ಹೇಳುತ್ತದೆ.

ಇದಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಕುರುಚಲೆಲ್ಲ ಮೂಲತಃ ಕುರುಚಲೇ ಆಗಿತ್ತೆ, ಕಡಿದ ಕಾಡಿನ ಶೇಷವಾಗಿರಬಾರದೆ ಎಂದು ಕೇಳಬಹುದು. ಕೆಲವೆಡೆ ಹಾಗೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಬೇಕಾದ ಅಗತ್ಯ ಅದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಶಿಲಾಪದರಗಳು 70–80 ಲಕ್ಷ ವರ್ಷಗಳ ಹಿಂದೆಯೇ ಹುಲ್ಲುನೆಲ ಹರಡಿದ್ದಕ್ಕೆ ಸಾಕ್ಷಿ ನುಡಿಯುತ್ತವೆ. ಅಂದು ಕೊಡಲಿ ಹಿಡಿದ ಮನುಷ್ಯನೇ ಇರಲಿಲ್ಲ. ಸೌರಫಲಕಕ್ಕೆ, ಸಂಶೋಧನಾಲಯಕ್ಕೆ ನೆಲ ಬೇಡವೆ ಎಂಬುದು ಎರಡನೆಯ ಪ್ರಶ್ನೆ. ಬೇಕು. ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ದೊಡ್ಡ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಅವುಗಳ ಪ್ರಯೋಜನವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರು ಬೇಲಿಯ ಹೊರಗೆ ನಿಂತರು. ಬಳಸುವವರಿದ್ದ ನೆಲವನ್ನು ಬಳಕೆಯಿಲ್ಲದ ನೆಲವೆಂದು ಕರೆದರೆ, ಆಗುವ ನಷ್ಟವನ್ನು ತೂಗಿನೋಡುವ ಪ್ರಮೇಯವೇ ಬರುವುದಿಲ್ಲ.

ಹೆಸರನ್ನು ತಿದ್ದುವುದು ಶಾಸ್ತ್ರಕ್ಕೆ ಹೊಸತಲ್ಲ. 1758ರಲ್ಲಿ ಲಿನೇಯಸ್ ಕೃಷ್ಣಮೃಗವನ್ನು ಮೇಕೆಯ ಕುಲಕ್ಕೆ ಸೇರಿಸಿದ್ದನು. ಎಂಟು ವರ್ಷಗಳಲ್ಲಿ ಪಲ್ಲಾಸ್ ಅದನ್ನು ಬಿಡಿಸಿ ಬೇರೆ ಕುಲವನ್ನು ಕಲ್ಪಿಸಿದನು. ನಮ್ಮವರಾದ ಎಂ. ಡಿ. ಮಧುಸೂದನ್ ಮತ್ತು ಅಬಿ ವನಕ್ ಅವರು 2022ರಲ್ಲಿ ದೇಶದ ತೆರೆದ ಬಯಲುಗಳ ಭೂಪಟವೊಂದನ್ನು ಸಿದ್ಧಪಡಿಸಿದ್ದಾರೆ. ಅದರಂತೆ ಅರೆಶುಷ್ಕ ಬಯಲುಗಳು ದೇಶದ ನೆಲದಲ್ಲಿ ಸುಮಾರು ಹತ್ತನೆಯ ಒಂದು ಭಾಗ; ಅದರಲ್ಲಿ ಸಂರಕ್ಷಿತ ಪ್ರದೇಶಗಳೊಳಗೆ ಇರುವುದು ಶೇಕಡ 5ಕ್ಕಿಂತಲೂ ಕಡಿಮೆ. ಪಾಳುಭೂಮಿ ಭೂಪಟದ ಮುಂದಿನ ಆವೃತ್ತಿ ಹೊರಡುವಾಗ ಈ ಎರಡು ಪಟಗಳನ್ನು ಒಂದರ ಮೇಲೊಂದು ಇಟ್ಟು ನೋಡುವುದು ಕಷ್ಟದ ಕೆಲಸವೇನಲ್ಲ. ಆ 23 ಬಗೆಗಳಲ್ಲಿ ಕುರುಚಲು ಮತ್ತು ಗೋಮಾಳಗಳ ಕೆಲವನ್ನು ಹೊಡೆದುಹಾಕಿ, ಅವುಗಳ ಅವಸ್ಥೆಯನ್ನು ಬೇರೊಂದು ಖಾತೆಯಲ್ಲಿ ಬರೆದುಕೊಂಡರೆ ಮೊದಲ ಹೆಜ್ಜೆಯಾಗುತ್ತದೆ.