ಕಡಲ ಗಡಿಯಾರ ಮತ್ತು ಎರಡನೆಯ ಕೈ

ನಡುಗಡಲಿನಲ್ಲಿ ಹಡಗಿನ ರೇಖಾಂಶವನ್ನು ಅರಿಯಬೇಕಾದರೆ, ಹೊರಟ ಬಂದರಿನ ವೇಳೆಯನ್ನು ತಪ್ಪದೆ ತೋರಿಸುವ ಗಡಿಯಾರವೊಂದು ಜೊತೆಗಿರಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ವೇಳೆಯಲ್ಲಿ 4 ನಿಮಿಷ ತಪ್ಪಿದರೆ ರೇಖಾಂಶದಲ್ಲಿ ಒಂದು ಡಿಗ್ರಿ ತಪ್ಪುತ್ತದೆ. ಭೂಮಧ್ಯರೇಖೆಯ ಬಳಿ ಅದು ಸುಮಾರು 111 ಕಿಲೋಮೀಟರ್. ಆದರೆ ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಂಬಿಕೆಗೆ ಅರ್ಹವಲ್ಲ. ಅದಕ್ಕಾಗಿಯೇ ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ರೇಖಾಂಶ ನಿರ್ಣಯಕ್ಕೆ 20,000 ಪೌಂಡುಗಳವರೆಗಿನ ಬಹುಮಾನವನ್ನು ಸಾರಿತು.

ಬಡಗಿಯಾಗಿದ್ದ ಜಾನ್ ಹ್ಯಾರಿಸನ್ 1759ರಲ್ಲಿ ಮುಗಿಸಿದ ನಾಲ್ಕನೆಯ ಗಡಿಯಾರವು ಜಮೈಕಾ ಪ್ರಯಾಣದಲ್ಲಿ ಸುಮಾರು ಐದು ಸೆಕೆಂಡು ಮಾತ್ರ ಹಿಂದೆ ಬಿದ್ದಿತು. ಆದರೂ ರೇಖಾಂಶ ಮಂಡಳಿಯು ಪೂರ್ತಿ ಹಣವನ್ನು ಕೊಡಲಿಲ್ಲ. ಯಂತ್ರದ ಮರ್ಮವನ್ನು ಬಿಡಿಸಿ ತೋರಿಸಬೇಕು, ಬೇರೆಯವರೂ ಅದನ್ನು ಮಾಡಬಲ್ಲರೆಂಬುದು ಸಿದ್ಧವಾಗಬೇಕು ಎಂದಿತು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮಂಡಳಿಯನ್ನು ಖಳನ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ಅದರ ನಡೆ ಕಠೋರವಾಗಿತ್ತೆಂಬುದು ನಿಜ. ಹ್ಯಾರಿಸನ್ನನಿಗೆ ಉಳಿದ ಹಣ ಪಾರ್ಲಿಮೆಂಟಿನ ಮೂಲಕ ದೊರೆತಾಗ ಅವನಿಗೆ ಎಂಬತ್ತು ವರ್ಷ. ಆದರೆ ಅದು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.

ಉತ್ತರ ಸಿಕ್ಕಿದ್ದು ಎರಡನೆಯ ಕೈಗಳಿಂದ. ಲಾರ್ಕಮ್ ಕೆಂಡಾಲ್ 1769ರಲ್ಲಿ ಮುಗಿಸಿದ ಪ್ರತಿಯನ್ನು ಕ್ಯಾಪ್ಟನ್ ಕುಕ್ ತನ್ನ ಎರಡನೆಯ ಯಾನದಲ್ಲಿ (1772–75) ಒಯ್ದು ಮೆಚ್ಚಿಕೊಂಡನು. ಆದರೆ ಆ ಪ್ರತಿಯ ಬೆಲೆ 450 ಪೌಂಡು! ಅಂಥದನ್ನು ಹಡಗಿಗೊಂದರಂತೆ ಒದಗಿಸುವುದು ಸಾಧ್ಯವಿರಲಿಲ್ಲ. ಫ್ರಾನ್ಸಿನ ಪಿಯೆರ್ ಲೆರುವಾ ಬೇರೊಂದು ಹಾದಿ ಹಿಡಿದು, ಸಮತೋಲನ ಚಕ್ರವು ಹೆಚ್ಚು ಹೊತ್ತು ಸ್ವತಂತ್ರವಾಗಿ ಆಡುವ ರಚನೆಯನ್ನು ತೋರಿಸಿಕೊಟ್ಟನು. ಲಂಡನ್ನಿನ ಜಾನ್ ಆರ್ನಾಲ್ಡ್ ಮತ್ತು ಥಾಮಸ್ ಅರ್ನ್‌ಶಾ ಆ ಬಗೆಯ ರಚನೆಯನ್ನು ಸರಳಗೊಳಿಸಿದರು. ಎರಡು ಲೋಹಗಳನ್ನು ಬೆಸೆದ ಚಕ್ರದಿಂದ ಶಾಖದ ಏರುಪೇರನ್ನು ಸರಿದೂಗಿಸಿದರು. ಕೆಲಸವನ್ನು ಹಲವು ಕುಶಲಕರ್ಮಿಗಳಿಗೆ ಹಂಚಿ ಬೆಲೆಯನ್ನು ಇಳಿಸಿದರು. ಅರ್ನ್‌ಶಾನ ಮಾದರಿಯೇ ಮುಂದೆ ನೂರಕ್ಕೂ ಹೆಚ್ಚು ವರ್ಷ ನಡೆಯಿತು. 1831ರಲ್ಲಿ ಡಾರ್ವಿನ್ನನನ್ನು ಹೊತ್ತು ಹೊರಟ ಬೀಗಲ್ ಹಡಗಿನಲ್ಲಿ 22 ಕ್ರೊನೋಮೀಟರುಗಳಿದ್ದವು.

ಹ್ಯಾರಿಸನ್ನನ ಗಡಿಯಾರಗಳು ಇಂದು ಗ್ರೀನಿಚ್ಚಿನಲ್ಲಿ ಪೂಜ್ಯವಸ್ತುಗಳಂತೆ ರಕ್ಷಿತವಾಗಿವೆ, ಅದು ಯೋಗ್ಯವೇ. ಆದರೆ ಸಾಮಾನ್ಯ ನಾವಿಕನನ್ನು ದಡ ಸೇರಿಸಿದ್ದು, ಮರದ ಪೆಟ್ಟಿಗೆಯೊಳಗೆ ಹಿತ್ತಾಳೆಯ ಬಳೆಗಳ ನಡುವೆ ತೂಗುತ್ತಿದ್ದ, ಒಂದರಂತೆ ಇನ್ನೊಂದಿದ್ದ ಕ್ರೊನೋಮೀಟರು. ಪ್ರತಿಭೆಯನ್ನು ಕೊಂಡಾಡುವ ನಾವು, ಅದನ್ನು ಕಲಿಯಬಲ್ಲ, ಕಲಿಸಬಲ್ಲ ವಿದ್ಯೆಯನ್ನಾಗಿ ಮಾಡಿದವರನ್ನು ಎರಡನೆಯ ಸಾಲಿಗೆ ತಳ್ಳುತ್ತೇವೆ. ಪಾಠ ಹೇಳುವ ವೃತ್ತಿಯವನಾದ ನನಗೆ ಇದು ಸರಿಯೆನಿಸುವುದಿಲ್ಲ. ಹ್ಯಾರಿಸನ್ನನ ಹೆಸರನ್ನು ಹೇಳುವ ವಿದ್ಯಾರ್ಥಿಗಳು ಅರ್ನ್‌ಶಾನ ಹೆಸರನ್ನೂ ಅದರೊಡನೆಯೇ ಹೇಳಲಿ.